ತಲೆಗೆ ಐನೂರು

ಫೋಟೋ ಇಲ್ಲ ಅಂದರು. ಇರಲೇ ಇಲ್ಲವಂತೆ.
ಗವಿಮುದ್ದನ ಮುಖ ಕಂಡವರಲ್ಲಿ ಅರ್ಧ ಜನ
ಕಣ್ಣು ಮುಚ್ಚಿಕೊಂಡು ಗಂಟು ಬಿಚ್ಚಿಕೊಟ್ಟವರು,
ಇನ್ನರ್ಧ, ಅವನಿಗೆ ಮುದ್ದೆ ಉಣ್ಣಿಸಿ
ಪೊಲೀಸರ ಮುಂದೆ ‘ಯಾವ ಮುದ್ದ ಸ್ವಾಮಿ’ ಅಂದವರು.

ಇಂದಿರಾನಗರ, ಮೂರನೇ ಮಹಡಿ. ಬಾರಿನ ಹೆಸರು ಗವಿ.
ಥರ್ಮಾಕೋಲಿನ ಬಂಡೆ,
ಸೂರಿನಿಂದ ತಲೆಕೆಳಗಾಗಿ ರಬ್ಬರಿನ ಬಾವಲಿ.
ಕೈಯಲ್ಲಿ ಬೋರ್ಡು ಬರೆಯೋನು ಇನ್ನೂ ಒಬ್ಬ ಉಳಿದಿದ್ದಾನೆ ಅಂತ
ಯಾರೋ ಹೇಳಿ, ಕಾಟನ್‌ಪೇಟೆಯಿಂದ ಕರೆಸಿದ್ದರು ನನ್ನನ್ನು.
‘ಹದಿನಾಲ್ಕಡಿ ಮುಖ ಅಂಕಲ್,
ಮೀಸೇನೇ ಆರಡಿ ಇರ್ಲಿ’ ಅಂದಳು ಓನರ್ ಹುಡುಗಿ, ನಿಹಾರಿಕಾ.

ಮೆನು ಕೊಟ್ಟಳು, ಮೂಡ್ ಬರಲಿ ಅಂತ.
ಮಾಗಡಿ ರಸ್ತೆ ಸುಲಿಗೆ: ರಮ್ಮು, ಬೆಲ್ಲ, ಹುಣಸೆ.
ಕೈಕೋಳ: ಜೋಡಿಗಳಿಗೆ ಮಾತ್ರ,
ಎರಡು ಲೋಟಕ್ಕೊಂದು ಸರಪಳಿ.
ಕೊನೇ ಗುಂಡು: ಹಸಿಮೆಣಸಿನಕಾಯಿ, ಒಂದೇ ಗುಟುಕು.
ತಲೆಗೆ ಐನೂರು: ಜಿನ್ನು, ನೇರಳೆ, ಚಿಟಿಕೆ ಉಪ್ಪು,
ಬೆಲೆ ಎಂಟುನೂರ ಐವತ್ತು. ತೆರಿಗೆ ಬೇರೆ.
ನಾನು ಎರಡೆರಡು ಸಲ ಓದಿದೆ.
ತಲೆಗಿಂತ ಲೋಟ ತುಟ್ಟಿ.

ನಮ್ಮಜ್ಜಿ ಹೇಳುತ್ತಿದ್ದಳು,
ಹೆಂಡದ ಗುತ್ತಿಗೆದಾರನ ಗಾಡಿ ಅಡ್ಡಗಟ್ಟಿ
ಪೀಪಾಯಿ ಒಡೆದು ಎತ್ತಿನ ಕಾಲು ತೊಳೆದನಂತೆ,
ತಾನು ಒಂದು ತೊಟ್ಟೂ ಮುಟ್ಟಲಿಲ್ಲವಂತೆ.
ಪಕ್ಕದ ಮನೆ ಚಿಕ್ಕೆರಪ್ಪ ನಂಬುತ್ತಿರಲಿಲ್ಲ:
‘ಕುಡೀದೆ ಇರ್ತಾನಾ?
ಗವಿಯೊಳಗೆ ಸಂಜೆ ಆರಾದ್ಮೇಲೆ ಇನ್ನೇನಿರುತ್ತೆ ಕೆಲಸ!’

ಸಿಕ್ಕಿದ್ದು ಹಳೇ ಜಾಹೀರು ಒಂದೇ, ಅದರ ನಕಲು.
ಎತ್ತರ ಐದಡಿ ಆರಂಗುಲ. ಬಣ್ಣ ಎಣ್ಣೆಗೆಂಪು.
ಎಡಗಿವಿ ಹರಿದಿದೆ.

ಮೀಸೆ ಬರೆದೆ, ಅದಕ್ಕೇನು, ಎಷ್ಟು ಬರೆದಿಲ್ಲ,
ಕಟೌಟಿಗೆ, ಬೀಡಿಗೆ, ಕುಸ್ತಿ ಪೋಸ್ಟರಿಗೆ.
ಕಣ್ಣಿಗೆ ಯಾರದೋ ಕಣ್ಣು.
ಕಿವಿಗೆ ಬಂದಾಗ ಏಣಿ ಸರಿಸಿ ನಿಂತೆ.

ಹರಿದ ಕಿವಿ ಹೇಗಿರುತ್ತೆ ನನಗೆ ಗೊತ್ತು.
ಪ್ಯಾಕೆಟ್ ಸಾರಾಯಿ ಕಾಲ. ಅಪ್ಪ ಕಲಾಸಿಪಾಳ್ಯದಲ್ಲಿ ಹಮಾಲಿ.
ಕಾಸಿಲ್ಲದ ಒಂದು ಸಂಜೆ, ಅಮ್ಮ ರೊಟ್ಟಿ ತಟ್ಟುತ್ತಿದ್ದಾಗ
ಓಲೆ ಕಿತ್ತ. ತಿರುಪು ಬಿಚ್ಚುವಷ್ಟು ಪುರಸೊತ್ತಿರಲಿಲ್ಲ.
ಅಮ್ಮ ಕೂಗಲಿಲ್ಲ. ಹಿಟ್ಟಿನ ಕೈಯಲ್ಲೇ ಕಿವಿ ಅದುಮಿಕೊಂಡಳು.
ಹೆಂಚಿನ ಮೇಲಿದ್ದ ರೊಟ್ಟಿ ಸೀದಿತು,
ಅದನ್ನ ನಾನು ತಿಂದೆ.

ಹಾಗಾಗಿ ಕಿವಿ ಚೆನ್ನಾಗಿ ಬಂತು.
ತೀರಾ ಚೆನ್ನಾಗಿ.
ನಿಹಾರಿಕಾ ಮುಖ ಸೊಟ್ಟ ಮಾಡಿದಳು:
‘ಊಟ ಮಾಡೋರು ಬರ್ತಾರೆ ಅಂಕಲ್, ಏನಾದ್ರೂ ಮುಚ್ಚಿ.
ರಿಂಗು ಗಿಂಗು ಹಾಕಿ.’

ಹಾಕಿದೆ.
ರಿಂಗಲ್ಲ, ಏಳು ಕಲ್ಲಿನ ಓಲೆ.
ನಡುವೆ ಒಂದು, ಸುತ್ತ ಆರು, ಕೆಳಗಿನದರಲ್ಲಿ ಸಣ್ಣ ಬಿರುಕು,
ಇದ್ದದ್ದು ಇದ್ದ ಹಾಗೇ.
ಗೋಡೆಯ ಕಿವಿ, ಎಷ್ಟು ಭಾರವಾದರೂ ತಡೆಯುತ್ತೆ.
ಬಣ್ಣ ಹಾಕಲಿಲ್ಲ, ಅಸಲಿ ಚಿನ್ನದ ರೇಕು ಒತ್ತಿದೆ,
ಅವೆನ್ಯೂ ರೋಡಿನಿಂದ ತರಿಸಿ.
ಬಿಲ್ಲಿನಲ್ಲಿ ‘ಇತರೆ’ ಅಂತ ಬರೆದೆ. ಹನ್ನೊಂದು ಸಾವಿರ.
ಕೇಳದೆ ಕೊಟ್ಟರು.

ಓಪನಿಂಗಿಗೆ ನನ್ನನ್ನೂ ಕರೆದಿದ್ದರು. ಮೂಲೆಯ ಸ್ಟೂಲು.
ಲೋಟ ತಿಕ್ಕುತ್ತಿದ್ದ ಹುಡುಗಿ ಲಾಲ್‌ರಿನಿ, ಐಜ್ವಾಲಿನವಳು,
ಕನ್ನಡ ಕಲಿತು ಆರೇ ತಿಂಗಳಂತೆ:
‘ಮುದ್ದ ಅಂದ್ರೆ ಕಳ್ಳನಾ?’
ಅಲ್ಲಮ್ಮ, ಮುದ್ದು ಬರೋ ಅಂಥವನು ಅಂದೆ.
ನಕ್ಕು, ಏನು ಕುಡೀತೀರ ಅಂದಳು.
ಸೋಡಾ, ನಿಂಬೆಹಣ್ಣು, ಉಪ್ಪು.
ಮೆನುವಿನಲ್ಲಿ ಅದಕ್ಕೆ ಹೆಸರಿರಲಿಲ್ಲ.

ನಾಲ್ಕು ಹುಡುಗರು ಮೀಸೆಯ ಕೆಳಗೆ ನಿಂತು
ಬೆರಳು ಪಿಸ್ತೂಲು ಮಾಡಿ ಸೆಲ್ಫಿ ತೆಗೆದುಕೊಂಡರು.
ಒಬ್ಬ ಮೇಲೆ ನೋಡಿದ, ಸ್ವಲ್ಪ ಹೊತ್ತು ನೋಡಿದ.
‘ಏನಿದು, ಹೆಂಗಸರ ಓಲೆ ಹಾಕ್ಕೊಂಡಿದ್ದಾನೆ?’

ಲಾಲ್‌ರಿನಿ ತಲೆಯೆತ್ತಲಿಲ್ಲ,
ಐಸು ಕುಟ್ಟುತ್ತಲೇ ಅಂದಳು:
‘ಕದ್ದಿದ್ದು, ಸಾರ್.’

ನಾನು ಸೋಡಾದ ತಳದಲ್ಲಿದ್ದ ನಿಂಬೆಬೀಜ
ಒಂದೊಂದಾಗಿ ಟಿಶ್ಯೂಗೆ ಉಗಿದೆ.
ಕೊನೇ ಬಸ್ಸು ಹನ್ನೊಂದಕ್ಕೆ.